ಭಾನುವಾರದ ಮಾತ್ರೆ

ನನ್ನ ಗಂಡನಿಗೆ ಉಗಾಂಡದ ಗುಲಾಬಿ ತೋಟದಲ್ಲಿ ಕೆಲಸ ಸಿಕ್ಕಿದಾಗ ನಾನು ಚಿಂತಾಮಣಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅವರು ಚಿಕ್ಕಬಳ್ಳಾಪುರದಿಂದ ನಂದಿಗೆ ಹೋಗುವ ದಾರಿಯಲ್ಲಿದ್ದ ಪಾಲಿಹೌಸೊಂದರಲ್ಲಿ ಗುಲಾಬಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆಯವರು ಹೂವಿನ ಕೆಲಸ ಕಲಿತು ಆಫ್ರಿಕಕ್ಕೆ ಹೋಗುವುದು ಹೊಸದೇನಲ್ಲ. ಅವರ ಜೊತೆ ಕೆಲಸ ಮಾಡಿದ ಒಬ್ಬರು ಮೊದಲೇ ಅಲ್ಲಿಗೆ ಹೋಗಿದ್ದರು, ಇವರನ್ನೂ ಕರೆದರು. ಮೂರು ವರ್ಷದ ಒಪ್ಪಂದ. ಹೆಂಡತಿಯನ್ನು ಕರೆತರಬಹುದು, ಮನೆ ಕೊಡುತ್ತೇವೆ ಎಂದರು. ನಾನೂ ಹೊರಟೆ.

ಮನೆಯಲ್ಲಿ ಎಲ್ಲರೂ ಖುಷಿಪಟ್ಟರು, ನನ್ನ ಅಜ್ಜಿಯ ಹೊರತು.

"ಅದು ಚಳಿಜ್ವರದ ದೇಶ ಅಲ್ವೇನೇ?" ಎಂದು ಕೇಳಿದಳು.

ಅಜ್ಜಿ ಹುಟ್ಟಿದ್ದು ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ. ಅವಳ ತಮ್ಮನೊಬ್ಬ ಚಿಕ್ಕಂದಿನಲ್ಲೇ ಚಳಿಜ್ವರದಲ್ಲಿ ತೀರಿಕೊಂಡಿದ್ದ. "ಮನೇಲಿದ್ದ ಕಂಬಳಿ ಎಲ್ಲಾ ಹೊದ್ಸಿದ್ರೂ ಮಂಚ ಲಟಲಟ ಅಂತಿತ್ತು ಕಣಮ್ಮ. ನಮ್ಮಮ್ಮ ಮಂಚದ ಕಾಲು ಹಿಡ್ಕೊಂಡು ಕೂತಿದ್ಲು, ಮಂಚ ನಿಂತ್ರೆ ಜ್ವರ ನಿಲ್ಲುತ್ತೆ ಅನ್ನೋ ಹಂಗೆ." ಆಮೇಲೆ ಸರ್ಕಾರದವರು ಪಂಪು ಹೊತ್ತು ಬಂದು ದೇವರ ಕೋಣೆಯನ್ನೂ ಬಿಡದೆ ಔಷಧಿ ಹೊಡೆದರಂತೆ, ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಏನೋ ಗುರುತು ಬರೆದು ಹೋದರಂತೆ. ಆ ಜ್ವರ ನಮ್ಮ ಕಡೆ ಈಗ ಬರೀ ಅಜ್ಜಿಯರ ಮಾತಿನಲ್ಲಿ ಉಳಿದಿದೆ. ನಾವು ಕಂಡದ್ದು ಡೆಂಗಿ, ಚಿಕೂನ್‌ಗುನ್ಯ. ಅಜ್ಜಿಯ ಮಾತಿಗೆ ನಾವು ನಕ್ಕೆವು.

ಹೊರಡುವ ಮುಂಚೆ ಬೆಂಗಳೂರಿನ ಒಬ್ಬ ವೈದ್ಯರು ಆ ಜ್ವರ ಬಾರದಂತೆ ಮಾತ್ರೆ ಬರೆದುಕೊಟ್ಟರು. ವಾರಕ್ಕೊಂದು. ಹೋಗುವ ಮೊದಲೇ ಶುರುಮಾಡಬೇಕು, ಅಲ್ಲಿದ್ದಷ್ಟು ದಿನವೂ ನುಂಗಬೇಕು, ವಾಪಸು ಬಂದ ಮೇಲೂ ನಾಲ್ಕು ವಾರ ಬಿಡುವಂತಿಲ್ಲ. "ಕೆಲವರಿಗೆ ಕನಸು ಜಾಸ್ತಿ ಬೀಳುತ್ತೆ. ತೊಂದರೆ ಆದ್ರೆ ಸುಮ್ನೆ ಇರ್ಬೇಡಿ, ಹೇಳಿ. ಬೇರೆ ಮಾತ್ರೆ ಇದೆ," ಎಂದರು. ಮರೆಯಬಾರದೆಂದು ನಾವು ಭಾನುವಾರ ಮಧ್ಯಾಹ್ನದ ಊಟಕ್ಕೆ ಅದನ್ನು ಗಂಟುಹಾಕಿದೆವು.

ತೋಟ ಇದ್ದದ್ದು ದೊಡ್ಡ ಸರೋವರದ ಹತ್ತಿರ. ಆಚೆ ದಡ ಕಾಣದ ಆ ನೀರಿಗೂ ನಾವು ಕೆರೆ ಎಂದೇ ಹೇಳುತ್ತಿದ್ದೆವು. ಬಿಳಿ ಪ್ಲಾಸ್ಟಿಕ್ಕಿನ ಪಾಲಿಹೌಸುಗಳು ಸಾಲಾಗಿ ನೀರಿನತ್ತ ಇಳಿಯುತ್ತಿದ್ದವು. ಅವುಗಳ ಹಿಂದೆ, ಹುಲ್ಲಿನ ದಿಬ್ಬದ ಮೇಲೆ, ಭಾರತದಿಂದ ಬಂದವರ ಕ್ವಾರ್ಟರ್ಸು. ನಾವು ಪೆಟ್ಟಿಗೆಗಳನ್ನು ಇಳಿಸುತ್ತಿರುವಾಗಲೇ ಪಕ್ಕದ ಮನೆಯಿಂದ ಒಬ್ಬಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಏಮ್ಮಾ, ಮನವಾಳ್ಳೇನಾ?" ಎಂದಳು. ನಮ್ಮವರೇ ಏನಮ್ಮಾ ಎಂದು. ಸಮುದ್ರ ದಾಟಿ ಹೋದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಊರಿನ ಮಾತು ಅದು.

ಅವಳು ಮುರುಗಮಲ್ಲದ ಹತ್ತಿರದ ಹಳ್ಳಿಯವಳು. ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ, ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವ ನಮ್ಮ ಗಡಿಯ ಹೆಂಗಸು. ಗಂಡ ಗೌರಿಬಿದನೂರಿನವರು, ತೋಟದ ಶೀತಲ ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳಾದ್ದರಿಂದ ನಾನು ಅಕ್ಕ ಎಂದೆ, ಅವರನ್ನು ಭಾವ ಎಂದೆ. ಆ ದೇಶದಲ್ಲಿ ನನಗೆ ಅಕ್ಕ ಎಂದರೆ ಅವಳೇ. ಸ್ವಂತ ಅಕ್ಕ ನನಗಿಲ್ಲ.

ಅವಳ ಮನೆಯ ಬೇಲಿಯ ಉದ್ದಕ್ಕೂ ಅವರೆ ಬಳ್ಳಿ ಹಬ್ಬಿತ್ತು. ಅವಳ ತಾಯಿ ಕಟ್ಟಿಕೊಟ್ಟಿದ್ದ ಬೀಜ. ಅಲ್ಲಿ ಅದಕ್ಕೆ ಇಂಥದೇ ಕಾಲ ಎಂಬುದಿರಲಿಲ್ಲ, ಯಾವಾಗ ನೋಡಿದರೂ ಒಂದಷ್ಟು ಕಾಯಿ. ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಬಾಗಿಲ ಹೊಸ್ತಿಲ ಮೇಲೆ ಕೂತು, ಹೆಬ್ಬೆರಳಿನಿಂದ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುತ್ತಿದ್ದಳು. ಹಿತುಕಿದ ಬೇಳೆಯ ಸಾರಿನ ವಾಸನೆ ದಿಬ್ಬದ ಮೇಲೆಲ್ಲ ಹರಡುತ್ತಿತ್ತು. ಹಿತುಕುತ್ತಲೇ ನನ್ನನ್ನು ಗೇಲಿ ಮಾಡುತ್ತಿದ್ದಳು.

ಗೇಲಿಗೆ ಕಾರಣ ನನ್ನ ಶಿಸ್ತು. ಹೊತ್ತು ಇಳಿಯುತ್ತಿದ್ದಂತೆ ನಾನು ಕಿಟಕಿ ಹಾಕುತ್ತಿದ್ದೆ. ಉದ್ದ ತೋಳಿನ ಅಂಗಿ, ಕಾಲಿಗೆ ಕಾಲುಚೀಲ, ಕೈಗೆ ಮುಲಾಮು. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿಯೇ ಮಲಗುವುದು.

"ಗೂಡಲ್ಲಿರೋ ರೇಷ್ಮೆ ಹುಳ ಕಣೇ ನೀನು," ಎನ್ನುತ್ತಿದ್ದಳು. "ನಾನು ಬಂದು ಏಳು ವರ್ಷ ಆಯ್ತು. ಈ ಊರ್ ಸೊಳ್ಳೆಗೆಲ್ಲಾ ನನ್ನ ಗುರ್ತು ಸಿಗುತ್ತೆ. ಓ, ಇವಳಾ, ಅಂದ್ಕೊಂಡು ಹೋಗ್ತವೆ."

"ಅಕ್ಕಾ, ಗುರ್ತಿದ್ದೋರ ಮನೇಗೇ ಅಲ್ವಾ ಊಟಕ್ಕೆ ಬರೋದು?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅವಳೊಬ್ಬಳೇ ಹಾಗಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಎಲ್ಲರ ಕಥೆಯೂ ಒಂದೇ. ಹೊಸದಾಗಿ ಬಂದವರು ಆರು ತಿಂಗಳು ಮಾತ್ರೆ ನುಂಗುತ್ತಾರೆ. ಆಮೇಲೆ ಯಾರೋ ಒಬ್ಬರು ಲಿವರ್ ಹಾಳಾಗುತ್ತೆ ಎನ್ನುತ್ತಾರೆ, ಇನ್ನೊಬ್ಬರು ತಲೆ ಕೆಡುತ್ತೆ ಎನ್ನುತ್ತಾರೆ. ಕರೆಂಟು ಹೋದಾಗ ಸೆಖೆಗೆ ಪರದೆ ಮೇಲೆತ್ತಿ ಕಟ್ಟುತ್ತಾರೆ, ಅದು ಮತ್ತೆ ಕೆಳಗಿಳಿಯುವುದಿಲ್ಲ. ಸಂಜೆ ಗಂಡಸರು ವರಾಂಡದಲ್ಲಿ ಬನಿಯನ್ನು ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು. ಜ್ವರ ಬಂದರೆ ಅಂಗಡಿಯಲ್ಲಿ ಮೂರು ದಿನದ ಮಾತ್ರೆ ಸಿಗುತ್ತದೆ, ನುಂಗಿ ಏಳುತ್ತಾರೆ. ಅಕ್ಕನಿಗೂ ಹಾಗೆ ಮೂರು ಸಲವೋ ನಾಲ್ಕು ಸಲವೋ ಬಂದು ಹೋಗಿತ್ತಂತೆ. ಹೂ ಕತ್ತರಿಸುವ ಅಲ್ಲಿಯ ಹೆಂಗಸರು ಜ್ವರ ಬಂದು ಮೂರನೇ ದಿನಕ್ಕೆ ಕೆಲಸಕ್ಕೆ ಹಾಜರಾಗುವುದನ್ನು ಎಲ್ಲರೂ ನೋಡುತ್ತಿದ್ದರು. ಅವರಿಗಾಗುವುದು ನಮಗ್ಯಾಕಾಗದು ಎಂಬ ಲೆಕ್ಕ.

"ಅವ್ರು ಹುಟ್ಟಿದಾಗಿಂದ ಇದನ್ನ ತಡ್ಕೊಂಡು ಉಳಿದೋರು ಅಕ್ಕಾ. ತಡೀದೆ ಹೋದ ಮಕ್ಕಳು ನಮ್ ಕಣ್ಣಿಗೆ ಕಾಣಲ್ಲ," ಎಂದು ಒಮ್ಮೆ ಹೇಳಿದ್ದೆ. ಅವಳು ಬೇಳೆಯ ಪಾತ್ರೆಯಿಂದ ತಲೆಯೆತ್ತಿ, "ಟೀಚರಮ್ಮ ಪಾಠ ಶುರು ಮಾಡಿದ್ಲಪ್ಪಾ," ಎಂದು ಒಂದು ಕಾಳನ್ನು ನನ್ನ ಮೇಲೆ ಎಸೆದಳು.

ನಾವು ಹೋದ ವರ್ಷವೇ ಅವಳ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಕ್ಕ ಊರಿಗೆ ಹೋದಳು. ಆಪರೇಷನ್ನು, ಆಮೇಲೆ ತಮ್ಮನ ಮದುವೆ, ಹಾಗೇ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಉಳಿದಳು. ಅವಳಿಲ್ಲದ ಕ್ವಾರ್ಟರ್ಸು ಮಾತೇ ಬರದವರ ಮನೆಯಂತಿತ್ತು. ಮಳೆಗಾಲದಲ್ಲಿ ವಾಪಸು ಬಂದಾಗ ಅವಳ ಜೊತೆ ಒಂದು ಚೀಲ ಅವರೆಕಾಳು, ಹುರಿಗಾಳು, ಬೆಲ್ಲ. ಮೈ ಕೈ ತುಂಬಿಕೊಂಡು ಚೆನ್ನಾಗಿದ್ದಳು. ತಾಯಿ ಉಡಿಸಿ ಕಳಿಸಿದ್ದ ಮೆಹಂದಿ ಬಣ್ಣದ ಸೀರೆಯಲ್ಲೇ ಕಾರಿನಿಂದ ಇಳಿದಿದ್ದಳು.

ಬಂದು ಒಂದು ತಿಂಗಳೂ ಆಗಿರಲಿಲ್ಲ, ಜ್ವರ ಬಂತು. ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಹಿಂದಿನ ಸಲ ಉಳಿದಿದ್ದ ಒಂದಷ್ಟು ಮಾತ್ರೆ ಇದ್ದವು. ಅವನ್ನು ನುಂಗಿದಳು. ಜ್ವರ ಬಿಟ್ಟಿತು. ಗಂಜಿ ತೆಗೆದುಕೊಂಡು ಹೋದರೆ ಹೊಸ್ತಿಲ ಮೇಲೆ ಕೂತು ಬೇಳೆ ಹಿತುಕುತ್ತಿದ್ದಳು, ಮೈಮೇಲೆ ನೈಟಿ, ಅದರ ಮೇಲೆ ಭಾವನ ಬೂದಿ ಬಣ್ಣದ ಸ್ವೆಟರು.

"ಪೂರ್ತಿ ಕೋರ್ಸ್ ಆಯ್ತಾ ಅಕ್ಕಾ? ಟೆಸ್ಟ್ ಮಾಡ್ಸೋಣ ಬಾ."

"ನಂಗಿದು ಹೊಸದಾ? ಹಳೇ ನೆಂಟ ಕಣೇ. ಬಂದ, ಹೋದ."

ಮಾರನೆಯ ಬೆಳಿಗ್ಗೆ ಭಾವ ನಮ್ಮ ಬಾಗಿಲು ಬಡಿದರು. ನಾನು ಓಡಿಹೋದೆ. ಅಕ್ಕ ಮಂಚದ ಮೇಲೆ ಎದ್ದು ಕೂತಿದ್ದಳು. ಕಣ್ಣಿನ ಬಿಳಿ ಹಳದಿಯಾಗಿತ್ತು. ನನ್ನನ್ನು ಬಹಳ ಹೊತ್ತು ನೋಡಿ, ಮರ್ಯಾದೆಯಿಂದ, ಹೊಸಬರನ್ನು ಕೇಳುವ ಹಾಗೆ ಕೇಳಿದಳು: "ಯಾರ್ ಬೇಕಾಗಿತ್ತಮ್ಮಾ?"

ಕಾರು ತೆಗೆಯಿರಿ ಎಂದು ನಾನು ಬಾಗಿಲಿಗೆ ಬಂದು ಕೂಗಿದೆ.

ನನ್ನ ಗಂಡ ಕಾರು ಓಡಿಸಿದರು, ಭಾವ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ತೆಲುಗಿನಲ್ಲಿ ಮಾತಾಡಿದಳು, ಚಿಕ್ಕ ಹುಡುಗಿಯ ದನಿಯಲ್ಲಿ. "ಅಮ್ಮಾ, ದೂಡಕು ನೀಳ್ಳು ಪೆಟ್ಟಿನಾವಾ?" ಅಮ್ಮಾ, ಕರುವಿಗೆ ನೀರಿಟ್ಟೆಯಾ? ಮತ್ತೆ ಮತ್ತೆ ಅದೊಂದೇ. ಉತ್ತರ ಬರುವವರೆಗೆ ಬಿಡುವುದಿಲ್ಲ ಎಂಬ ಹಟ. ಕೊನೆಗೆ ನಾನೇ, "ಪೆಟ್ಟಿನಾನು ತಲ್ಲೀ," ಇಟ್ಟಿದ್ದೇನೆ ತಾಯಿ, ಎಂದೆ. ಆಗ ಸುಮ್ಮನಾದಳು. ಆಮೇಲೆ ಅವಳು ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಮಲೇರಿಯಾ ಮೆದುಳಿಗೆ ಏರಿದೆ ಎಂದರು. ಕೈಲಾದದ್ದನ್ನೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು.

ಅಲ್ಲಿದ್ದ ವೈದ್ಯೆ ಆ ಊರಲ್ಲೇ ಹುಟ್ಟಿ ಬೆಳೆದ ಗುಜರಾತಿ ಮನೆತನದ ಹೆಂಗಸು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟು ಹೇಳಿದರು. ಮತ್ತೆ ಮತ್ತೆ ಜ್ವರ ಬಂದು ಮೈಗೆ ಒಂದಿಷ್ಟು ತಡೆಯುವ ಶಕ್ತಿ ಬಂದಿರುತ್ತದೆ. ಅದು ಆ ನೆಲದ ಸಾಲ. ನೆಲ ಬಿಟ್ಟು ವರ್ಷ ಕಳೆದರೆ ಅದು ಕರಗಿಹೋಗುತ್ತದೆ. ಊರಿಗೆ ಹೋಗಿ ಬಂದವರು ಹೊಸಬರೇ. ಆದರೆ ಅವರು ತಾವು ಹಳಬರೆಂದೇ ತಿಳಿದಿರುತ್ತಾರೆ.

ಅಕ್ಕನನ್ನು ಪೆಟ್ಟಿಗೆಯಲ್ಲಿಡುವ ಮುಂಚೆ ನಾನೂ ಇನ್ನೊಬ್ಬರ ಹೆಂಡತಿಯೂ ಸೇರಿ ಅವಳಿಗೆ ಸೀರೆ ಸುತ್ತಿದೆವು. ಭಾವ ಬೀರುವಿನಿಂದ ಕೈಗೆ ಸಿಕ್ಕಿದ್ದನ್ನು ತಂದಿದ್ದರು. ಅದು ಮೆಹಂದಿ ಬಣ್ಣದ್ದು. ನೆರಿಗೆ ಹಿಡಿಯುವಾಗ ಅವಳ ಹೆಬ್ಬೆರಳಿನ ಉಗುರಿನ ಕೆಳಗೆ ಅವರೆ ಸಿಪ್ಪೆಯ ಹಸಿರು ಕಂಡಿತು. ಭಾವ ಪೆಟ್ಟಿಗೆಯ ಜೊತೆ ಊರಿಗೆ ಹೋದರು. ದಿನಗಳಾಗಿದ್ದವು, ತೆರೆಯುವುದು ಬೇಡವೆಂದು ಹಿರಿಯರು ಹೇಳಿದರಂತೆ. ಹಾಗೇ ಮಣ್ಣು ಮಾಡಿದರು.

ಆ ವಾರ ಕ್ವಾರ್ಟರ್ಸಿನ ಎಲ್ಲ ಮನೆಗಳಲ್ಲೂ ಪರದೆಗಳು ಕೆಳಗಿಳಿದವು. ಕಿಟಕಿಗಳಿಗೆ ಹೊಸ ಜಾಲರಿ ಬಂತು. ವರಾಂಡ ಸಂಜೆಗೆ ಖಾಲಿ. ಯಾವುದೋ ಭಾನುವಾರದಿಂದ ಮಾತ್ರೆ ತಪ್ಪಿಸತೊಡಗಿದ್ದ ನನ್ನ ಗಂಡ ಈಗ ತಾವೇ ಕೇಳಿ ತೆಗೆದುಕೊಂಡರು.

ಅಕ್ಕ ನನ್ನ ಕನಸಿಗೆ ಬರತೊಡಗಿದ್ದು ಆಗಲೇ.

ಮೊದಲೂ ಕನಸು ಬೀಳುತ್ತಿದ್ದವು. ಆ ಮಾತ್ರೆಯ ಕನಸುಗಳಿಗೆ ಒಂದು ವಿಚಿತ್ರ ಬೆಳಕು ಇರುತ್ತದೆ. ಎಲೆಯ ನರವೂ ಕಾಣುವಷ್ಟು ಸ್ಪಷ್ಟ. ಚಿಂತಾಮಣಿಯ ಬಸ್ ಸ್ಟ್ಯಾಂಡು, ಶಾಲೆಯ ಕರಿಹಲಗೆ, ಅಂಥವು ಬಂದು ಹೋಗುತ್ತಿದ್ದವು. ಆದರೆ ಆ ಭಾನುವಾರ ಊಟ ಮುಗಿಸಿ ಮಾತ್ರೆ ನುಂಗಿ, ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದೆ. ಕಣ್ಣು ಬಿಟ್ಟಂತಾಯಿತು. ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಅಕ್ಕ ಕೂತಿದ್ದಳು. ನೈಟಿ, ಬೂದಿ ಸ್ವೆಟರು. ಮಡಿಲಲ್ಲಿ ಪಾತ್ರೆ. ಬೇಳೆ ಹಿತುಕುತ್ತಿದ್ದಳು. ಬೇಳೆ ಪಾತ್ರೆಗೆ ಬೀಳುವ ಸದ್ದು ನನಗೆ ಕೇಳುತ್ತಿತ್ತು, ಆದರೆ ಪಾತ್ರೆ ತುಂಬುತ್ತಿರಲಿಲ್ಲ. ನನ್ನ ಕಡೆ ನೋಡಲಿಲ್ಲ. "ಅಕ್ಕಾ," ಎಂದೆ. ತಲೆಯೆತ್ತದೆಯೇ, "ಇರು, ಇನ್ನೊಂದ್ ಸ್ವಲ್ಪ ಇದೆ," ಎಂದಳು.

ಎದ್ದಾಗ ಹೊಸ್ತಿಲ ಮೇಲೆ ಬಿಸಿಲಿತ್ತು. ನಾನು ಹೋಗಿ ಆ ಜಾಗ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಬಿಸಿಲಿಗೇ ಇರಬೇಕು.

ಆಮೇಲೆ ಪ್ರತಿ ವಾರ. ಭಾನುವಾರ, ಸೋಮವಾರ ಗಾಢವಾಗಿ, ವಾರದ ಕೊನೆಗೆ ತೆಳುವಾಗಿ. ಒಮ್ಮೆ ಪಾಲಿಹೌಸಿನ ಸಾಲುಗಳ ನಡುವೆ ನಡೆದು ಹೋಗುತ್ತಿದ್ದಳು, ನಾನು ಎಷ್ಟು ಬೇಗ ನಡೆದರೂ ಅಷ್ಟೇ ದೂರ. ಒಮ್ಮೆ ನಮ್ಮ ಸೊಳ್ಳೆ ಪರದೆಯ ಹೊರಗೆ ನಿಂತು ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುತ್ತಿದ್ದಳು, ಮಗುವನ್ನು ಮಲಗಿಸುವ ಹಾಗೆ, ಸುತ್ತಲೂ, ಒಂದು ಬೆರಳಷ್ಟು ಜಾಗ ಬಿಡದೆ. ಬದುಕಿದ್ದಾಗ ಪರದೆಯನ್ನು ಮುಟ್ಟದಿದ್ದವಳು. ಪರದೆಯ ಆಚೆ ಅವಳ ಮುಖ ಬೆಳ್ಳಗೆ, ಮಸುಕಾಗಿತ್ತು. ನಾನು ಒಳಗೆ, ಅವಳು ಹೊರಗೆ. "ನೀನೂ ಒಳಗ್ ಬಾ ಅಕ್ಕಾ," ಎಂದರೆ ನಗುತ್ತಿದ್ದಳು.

ಭಯವಾಗುತ್ತಿತ್ತು. ಹಗಲಲ್ಲೂ ಅಡುಗೆಮನೆಗೆ ಹೋಗುವಾಗ ಹೊಸ್ತಿಲನ್ನು ದಾಟಿ, ಯಾರನ್ನೋ ತುಳಿಯಬಾರದೆಂಬಂತೆ ಕಾಲು ಎತ್ತಿ ಇಡುತ್ತಿದ್ದೆ. ಆದರೂ ಭಾನುವಾರ ಬರಲೆಂದು ಕಾಯುತ್ತಿದ್ದೆ. ಮಾತ್ರೆ ಬಿಟ್ಟರೆ ಅವಳು ಬರುವುದಿಲ್ಲ, ಜ್ವರ ಬರಬಹುದು. ನುಂಗಿದರೆ ಜ್ವರ ಬರುವುದಿಲ್ಲ, ಅವಳು ಬರುತ್ತಾಳೆ. ಎರಡೂ ಒಂದೇ ಬಿಳಿ ಗುಳಿಗೆಯಲ್ಲಿದ್ದವು. ನನ್ನ ಗಂಡನಿಗೆ ಹೇಳಲಿಲ್ಲ. ತೂಕ ಇಳಿಯಿತು. ಪಾಠ ಹೇಳಿಸಿಕೊಳ್ಳಲು ಬರುತ್ತಿದ್ದ ಕ್ವಾರ್ಟರ್ಸಿನ ಮಕ್ಕಳ ಮುಂದೆ ಮಾತಿನ ನಡುವೆ ನಿಂತುಬಿಡುತ್ತಿದ್ದೆ.

ಕೊನೆಗೆ ಇವರೇ ಗಮನಿಸಿ ಆ ವೈದ್ಯೆಯ ಬಳಿ ಕರೆದುಕೊಂಡು ಹೋದರು. ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ, ನಗಲೂ ಇಲ್ಲ. "ಈ ಮಾತ್ರೆ ನಿಮಗೆ ಆಗುವುದಿಲ್ಲ. ಇವತ್ತೇ ನಿಲ್ಲಿಸಿ," ಎಂದರು. ದಿನವೂ ನುಂಗುವ ಬೇರೆ ಮಾತ್ರೆ ಕೊಟ್ಟರು. ಬಾಗಿಲವರೆಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, "ಕನಸು ಮಾತ್ರೆಯದು. ಅದರಲ್ಲಿ ಬಂದವರು ನಿಮ್ಮವರು. ನಿಲ್ಲಿಸಿದರೆ ದುಃಖವಾಗುತ್ತದೆ, ಆಗಲಿ," ಎಂದರು.

ಹಳೆಯ ಮಾತ್ರೆ ಮೈಯಿಂದ ಒಮ್ಮೆಲೇ ಹೋಗುವುದಿಲ್ಲವಂತೆ. ಅಕ್ಕನೂ ಒಮ್ಮೆಲೇ ಹೋಗಲಿಲ್ಲ. ಮೊದಲು ಅವಳ ದನಿ ಹೋಯಿತು. ಆಮೇಲೆ ಮುಖ. ಒಂದು ದಿನ ಹೊಸ್ತಿಲ ಮೇಲೆ ಪಾತ್ರೆ ಮಾತ್ರ ಇತ್ತು. ಆಮೇಲೆ ಅದೂ ಇಲ್ಲ.

ಒಪ್ಪಂದ ಮುಗಿದು ನಾವು ಊರಿಗೆ ಬಂದೆವು. ಇವರಿಗೆ ಮತ್ತೆ ಚಿಕ್ಕಬಳ್ಳಾಪುರದ ಕಡೆಯ ಪಾಲಿಹೌಸಿನಲ್ಲೇ ಕೆಲಸವಾಯಿತು, ನನಗೆ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ. ಅಲ್ಲೇ ಬಾಡಿಗೆ ಮನೆ ಹಿಡಿದೆವು, ಅತ್ತೆಯೂ ಜೊತೆಗಿದ್ದರು. ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವವರು, ಬೆಳಿಗ್ಗೆಯಿಂದ ಬೇಯುವ ಗೂಡಿನ ವಾಸನೆ. ಬಂದ ಮೇಲೂ ನಾಲ್ಕು ವಾರ ಮಾತ್ರೆ ಬಿಡಲಿಲ್ಲ. ಆಮೇಲೆ ಡಬ್ಬಿ ಎಸೆದೆ. ಮುಗಿಯಿತು ಎಂದುಕೊಂಡೆ. ಆದರೂ ಹೊತ್ತಿಳಿಯುವಾಗ ಕಿಟಕಿ ಹಾಕುವುದು ಬಿಡಲಾಗಲಿಲ್ಲ. "ಗಾಳಿಯಾದ್ರೂ ಬರ್ಲಿ ಬಿಡಮ್ಮ," ಎಂದು ಅತ್ತೆ ತೆರೆದರೆ, ನಾನು ಮಾತಾಡದೆ ಹೋಗಿ ಮುಚ್ಚುತ್ತಿದ್ದೆ.

ಬಂದು ಎಷ್ಟೋ ತಿಂಗಳಾದ ಮೇಲೆ, ಒಂದು ದಿನ ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಕೈಯಲ್ಲಿ ನಡುಗತೊಡಗಿತು. ಮನೆಗೆ ಬರುವಷ್ಟರಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಅತ್ತೆ ಹೊದಿಕೆಯ ಮೇಲೆ ಹೊದಿಕೆ ಹೊದಿಸಿದರು. ಅಜ್ಜಿ ಹೇಳಿದ್ದು ಸುಳ್ಳಲ್ಲ, ಮಂಚ ಸದ್ದು ಮಾಡುತ್ತದೆ. ಆಮೇಲೆ ಬೆಂಕಿಯಂಥ ಜ್ವರ, ಆಮೇಲೆ ಹಾಸಿಗೆ ನೆನೆಯುವಷ್ಟು ಬೆವರು, ಆಮೇಲೆ ಏನೂ ಆಗದವಳಂತೆ ಎದ್ದು ಕೂತೆ. ಕ್ಲಿನಿಕ್ಕಿನಲ್ಲಿ ವೈರಲ್ ಫೀವರ್ ಎಂದರು. ಒಂದು ದಿನ ಬಿಟ್ಟು ಮತ್ತೆ ಅದೇ ಚಳಿ. ಡೆಂಗಿ ಪರೀಕ್ಷೆ ಮಾಡಿಸಿದರು, ಇಲ್ಲ ಎಂದು ಬಂತು.

ಆ ಚಳಿಯಲ್ಲಿ ನಾನು ಅಕ್ಕನಿಗಾಗಿ ಕಾದೆ. ಈಗ ಬರುತ್ತಾಳೆ, ಇದು ಅವಳದೇ ಜ್ವರ, ಈಗ ಬರದೆ ಇರುತ್ತಾಳಾ ಎಂದು ಬಾಗಿಲ ಕಡೆಯೇ ನೋಡುತ್ತಿದ್ದೆ. ಬರಲಿಲ್ಲ. ಅತ್ತೆ ಬಂದರು, ಇವರು ಬಂದರು, ನೆರೆಯವರು ಇಣುಕಿ ಹೋದರು. ಅವಳು ಬರಲೇ ಇಲ್ಲ.

ಮೂರನೆಯ ಸಲ ನಡುಕ ಬಂದಾಗ ನನ್ನ ಗಂಡ ನನ್ನನ್ನು ಎತ್ತಿಕೊಂಡೇ ಸರ್ಕಾರಿ ಆಸ್ಪತ್ರೆಗೆ ಹೋದರು. "ಸಾರ್, ನಾವು ಆಫ್ರಿಕದಲ್ಲಿ ಇದ್ದು ಬಂದಿದೀವಿ. ಬಂದು ತುಂಬಾ ದಿನ ಆಯ್ತು, ಮಾತ್ರೆನೂ ಪೂರ್ತಿ ತಗೊಂಡಿದೀವಿ. ಆದ್ರೂ ಮಲೇರಿಯಾ ಒಂದ್ಸಲ ನೋಡ್ಬಿಡಿ," ಎಂದರು.

ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಚ್ಚಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ವೈದ್ಯರೇ ಎದ್ದು ಬಂದರು. ಇತ್ತು. ಅಕ್ಕನನ್ನು ಕೊಂದ ಜಾತಿಯಲ್ಲ, ಇನ್ನೊಂದು. ಅದರ ಮರಿಗಳು ಲಿವರಿನಲ್ಲಿ ಸದ್ದಿಲ್ಲದೆ ಮಲಗಿರುತ್ತವಂತೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ನಾವು ನುಂಗಿದ ಮಾತ್ರೆ ರಕ್ತಕ್ಕೆ ಬಂದವನ್ನು ಕೊಲ್ಲುತ್ತದೆ, ಮಲಗಿದವನ್ನು ಮುಟ್ಟುವುದಿಲ್ಲ. "ನೀವೇನೂ ತಪ್ಪು ಮಾಡಿಲ್ಲಮ್ಮ. ಆದ್ರೆ ಹೊರದೇಶದಲ್ಲಿ ಇದ್ದು ಬಂದೋರು ಯಾವಾಗ ಜ್ವರ ಬಂದ್ರೂ ಮೊದ್ಲು ಅದನ್ನ ಹೇಳ್ಬೇಕು," ಎಂದರು. ಜ್ವರಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದು ರಕ್ತ ಪರೀಕ್ಷೆ ಮಾಡಿ, ಲಿವರಿನಲ್ಲಿ ಮಲಗಿದವನ್ನು ಕೊಲ್ಲುವ ಎರಡು ವಾರದ ಮಾತ್ರೆ ಕೊಟ್ಟರು.

ಮಾರನೆಯ ದಿನ ಆರೋಗ್ಯ ಇಲಾಖೆಯವರು ನಮ್ಮ ಬೀದಿಗೆ ಬಂದು ಅಕ್ಕಪಕ್ಕದವರ ರಕ್ತ ತೆಗೆದುಕೊಂಡರು, ತೊಟ್ಟಿಗಳನ್ನು ನೋಡಿದರು. ಯಾರಿಗೂ ಹರಡಿರಲಿಲ್ಲ. ಆದರೂ ಕೆಲವು ದಿನ ನೆರೆಯ ಹೆಂಗಸರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನನಗೆ ಬೇಸರವಾಗಲಿಲ್ಲ. ಯಾರನ್ನೋ ಜೊತೆಗೆ ಕರೆತಂದಿದ್ದೇನೆ ಎಂದು ನನಗೂ ಅನಿಸುತ್ತಿತ್ತು.

ಗುಣವಾದ ಮೇಲೆ ಭಾವ ಉಗಾಂಡದಿಂದ ಫೋನು ಮಾಡಿದರು. ಅವರು ಮತ್ತೆ ಅಲ್ಲಿಗೇ ಮರಳಿದ್ದರು. "ನಮ್ಮತ್ತೆ, ಅವಳ ಅಮ್ಮ, ನಿಮ್ಮನ್ನ ಕೇಳ್ತಾನೇ ಇರ್ತಾರಮ್ಮಾ. ಕೊನೇಲಿ ಜೊತೇಲಿದ್ದೋಳು ಒಂದ್ಸಲ ಬರ್ಬಾರ್ದಾ ಅಂತಾರೆ. ಆಗೋದಾದ್ರೆ ಹೋಗ್ಬಿಟ್ ಬನ್ನಿ."

ಒಂದು ಶನಿವಾರ ಹೊರಟೆ. ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಮುರುಗಮಲ್ಲದಲ್ಲಿ ಇಳಿದೆ. ದರ್ಗಾದ ಮುಂದಿನ ಅಂಗಡಿಗಳಲ್ಲಿ ಹೂವು, ಸಕ್ಕರೆ ಮಿಠಾಯಿ. ಅಲ್ಲಿಂದ ಆಟೋದಲ್ಲಿ ಅಕ್ಕನ ಹಳ್ಳಿಗೆ. ಬಾಗಿಲಲ್ಲಿ ಕೋಲು ಊರಿಕೊಂಡು ಒಬ್ಬ ಮುದುಕಿ ನಿಂತಿದ್ದರು. ಅದೇ ಹಣೆ, ಅದೇ ಗಲ್ಲ. ಅಕ್ಕ ಮುದುಕಿಯಾಗುವಷ್ಟು ಕಾಲ ಬದುಕಿದ್ದರೆ ಹೀಗೇ ಕಾಣುತ್ತಿದ್ದಳು.

"ದಾ ಅಮ್ಮಾ, ಕೂರ್ಚೋ," ಬಾಮ್ಮಾ, ಕೂತ್ಕೋ, ಎಂದರು.

ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಮುದ್ದೆ ಸಾರು ಬಡಿಸಿದರು. ನಾನು ಉಂಡು ಮುಗಿಸುವವರೆಗೆ ಏನೂ ಕೇಳಲಿಲ್ಲ. ಆಮೇಲೆ ನನ್ನ ಎದುರಿಗೆ ಕೂತರು.

"ಕೊನೇಲಿ ಏನಾದ್ರೂ ಅಂದ್ಲಾ?"

ಕಾರಿನ ವಿಷಯ ಹೇಳಿದೆ. ಕರುವಿನ ಮಾತು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು. "ಚಿಕ್ಕೋಳಿದ್ದಾಗ ಕರೂಗೆ ನೀರಿಡೋದು ಅವಳ ಕೆಲ್ಸ. ಮರ್ತಿದ್ರೆ ನನ್ನ ಕೇಳೋಳು, ನೀನಿಟ್ಟಾ ಅಂತ. ಬೈತೀನಿ ಅನ್ನೋ ಭಯ. ಸಾಯೋವಾಗ್ಲೂ ನನ್ನ ಬೈಗುಳದ ಭಯಾನೇನಮ್ಮಾ?"

"ಇಟ್ಟಿದೀನಿ ಅಂದೆ ಅಮ್ಮಾ. ಸಮಾಧಾನ ಆಯ್ತು ಅವಳಿಗೆ."

"ನೀನಂದ್ಯಾ? ನನ್ನ ಹೆಸ್ರಲ್ಲಿ?"

"ಹೂಂ."

ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಆಮೇಲೆ ಕೇಳಿದರು, "ನಿನ್ ಕನಸಲ್ಲಿ ಬರ್ತಾಳಾ?"

ಹೇಳಬಾರದೆಂದುಕೊಂಡು ಬಂದಿದ್ದೆ. ಆದರೆ ಆ ಹಣೆಯನ್ನು ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ಹೊಸ್ತಿಲು, ಪಾತ್ರೆ, ಪರದೆ ಎಲ್ಲ ಹೇಳಿದೆ.

"ಯಾವ್ ಸೀರೆ ಉಟ್ಟಿದ್ಲು?"

"ಸೀರೆ ಅಲ್ಲಮ್ಮಾ, ನೈಟಿ. ಮೇಲೊಂದು ಸ್ವೆಟರ್ರು. ಆದ್ರೆ ಕಳಿಸ್ಕೊಡೋವಾಗ ನಾನೇ ಸೀರೆ ಉಡ್ಸಿದ್ದು. ನೀವು ಕೊಟ್ಟಿದ್ರಲ್ಲಾ, ಮೆಹಂದಿ ಬಣ್ಣದ್ದು."

"ಅದಾ?" ಅವರ ಮುಖ ಸಣ್ಣದಾಯಿತು. "ಅದು ಅವ್ಳಿಗೆ ಇಷ್ಟ ಇರ್ಲಿಲ್ಲ ಕಣಮ್ಮ. ಅಂಚು ಚುಚ್ಚುತ್ತೆ ಅಂದಿದ್ಲು. ನಾನೇ ಬಲವಂತಕ್ಕೆ ಉಡ್ಸಿ ಕಳಿಸ್ದೆ."

ಹೊರಗೆ ಯಾವುದೋ ಟ್ರ್ಯಾಕ್ಟರು ಹೋಯಿತು. ಅವರು ನನ್ನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟರು.

"ನಂಗೆ ಒಂದ್ ದಿನಾನೂ ಬರ್ಲಿಲ್ಲ," ಎಂದರು. "ಮುಖಾನೂ ತೋರಿಸ್ಲಿಲ್ಲ ಇವ್ರು. ಪೆಟ್ಟಿಗೇಲಿ ಯಾರಿದ್ರೋ ಅಂತ ಅನ್ಸುತ್ತೆ. ದರ್ಗಾಕ್ಕೆ ಹೋಗಿ ಕೇಳ್ಕೊಂಡೆ, ನಮ್ ದೇವ್ರಿಗೂ ಹರಕೆ ಹೊತ್ತೆ. ಬರಲ್ಲ." ಆಮೇಲೆ ದನಿ ತಗ್ಗಿಸಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಗುಟ್ಟಿನಂತೆ ಕೇಳಿದರು: "ಆ ಮಾತ್ರೆ ಚಿಂತಾಮಣೀಲಿ ಸಿಗುತ್ತಾ ಅಮ್ಮಾ?"

ಇಲ್ಲಮ್ಮಾ, ಅದು ಬೇಕಿಲ್ಲದವರು ನುಂಗುವುದಲ್ಲ, ನನಗೇ ಆಗಲಿಲ್ಲ, ವೈದ್ಯರೇ ಬಿಡಿಸಿದರು, ಈ ವಯಸ್ಸಿನಲ್ಲಿ ಅಪಾಯ ಎಂದೆಲ್ಲ ಹೇಳಿದೆ. ಟೀಚರಮ್ಮನ ಪಾಠ. ಅವರು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು, ಮತ್ತೆ ಕೇಳಲಿಲ್ಲ.

ನಾನು ಹೊರಡಲು ಎದ್ದೆ. ಅವರು ಒಳಗಿನ ಕೋಣೆಗೆ ಹೋಗಿ ಮಂಚದ ಮೇಲೆ ಒಂದು ದುಪ್ಪಟಿ ಹಾಸಿ ಬಂದರು.

"ಬಸ್ಸು ಇನ್ನೂ ತಡ. ಒಂದ್ ಗಳಿಗೆ ಮಲಗು. ಊರಿಗ್ ಬಂದಾಗ ಅವ್ಳು ಮಲಗ್ತಿದ್ದ ಜಾಗ. ನಿನ್ನನ್ನ ಕಂಡ್ರೆ ಅವ್ಳಿಗೆ ಇಷ್ಟ ಅಲ್ವಾ, ಬಂದ್ರೂ ಬರ್ಬೋದು. ಬಂದ್ರೆ ನನ್ನ ಕೂಗು, ನಾನು ಇಲ್ಲೇ ಇರ್ತೀನಿ."

ನಾನು ಬೇಡ ಎನ್ನಲಿಲ್ಲ. ಮಲಗಿದೆ. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಗೋಡೆಯ ಮೇಲೆ ಬಿದ್ದಿತ್ತು. ದುಪ್ಪಟಿಯಲ್ಲಿ ಹಳೆಯ ನುಸಿಗುಳಿಗೆಯ ವಾಸನೆ. ಅವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ನಾನು ಕಣ್ಣು ಮುಚ್ಚಿದೆ. ನಿದ್ದೆ ಬರಲೆಂದು, ಅವಳು ಬರಲೆಂದು, ಜೀವನದಲ್ಲಿ ಅಷ್ಟು ಬೇಡಿಕೊಂಡದ್ದಿಲ್ಲ. ಕೊನೆಗೆ ಜೊಂಪು ಹತ್ತಿತು.

ಕಣ್ಣು ಬಿಟ್ಟಾಗ ಮುದುಕಿ ನನ್ನ ಮುಖದ ಮೇಲೆ ಬಾಗಿದ್ದರು. ನನ್ನ ರೆಪ್ಪೆಗಳನ್ನೇ ನೋಡುತ್ತಿದ್ದರು, ಅವುಗಳ ಹಿಂದೆ ಯಾರಾದರೂ ನಡೆದಾಡಿದರೆ ಕಂಡೀತು ಎಂಬಂತೆ.

"ಬಂದಿದ್ಲಾ?"

"ಇಲ್ಲಮ್ಮಾ."

"ಸರಿ ಬಿಡು," ಎಂದು ಕೋಲೂರಿ ಎದ್ದರು. "ಟೀ ಮಾಡ್ತೀನಿ."

ಬಾಗಿಲವರೆಗೆ ಬಂದು ಬೀಳ್ಕೊಡುವಾಗ, "ಇನ್ನೊಂದ್ ಸಲ ಬಾ ಅಮ್ಮಾ. ಮಧ್ಯಾಹ್ನದ ಹೊತ್ತಿಗೇ ಬಾ," ಎಂದರು.

ಆಮೇಲೂ ಹೋಗಿದ್ದೇನೆ. ಊಟ ಬಡಿಸುತ್ತಾರೆ, ದುಪ್ಪಟಿ ಹಾಸುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ. ಈಗ ನನಗೆ ಅಲ್ಲಿ ಬೇಗ ನಿದ್ದೆ ಬರುತ್ತದೆ. ಕನಸಿಲ್ಲದ ನಿದ್ದೆ. ಎದ್ದಾಗ ಅವರು ಏನನ್ನೂ ಕೇಳುವುದಿಲ್ಲ, ನನ್ನ ಮುಖವನ್ನೊಮ್ಮೆ ನೋಡಿ ಟೀಗೆ ನೀರಿಡಲು ಹೋಗುತ್ತಾರೆ.